ಸಾರ್, ವುಡ್ ಯು ಮೈಂಡ್ ರನ್ನಿಂಗ್?

ಈಚೆಗೆ ಬಿ.ಎಡ್. ಮುಗಿಸಿ ಆಲೂರು ಕಡೆಯ ಹೈಸ್ಕೂಲೊಂದಕ್ಕೆ ಇಂಗ್ಲಿಷ್ ಟೀಚರಾಗಿ ಸೇರಿದ ಹುಡುಗಿಯೊಬ್ಬಳು ನಮ್ಮ ಮನೆಗೆ ಬಂದಿದ್ದಳು. ಹೊಸ ಡೈರಿ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, "ಮೇಡಂ, ನಿಮ್ಮ ಇಷ್ಟು ವರ್ಷದ ಅನುಭವದಲ್ಲಿ ಮುಖ್ಯವಾದ ಹತ್ತು ಪಾಯಿಂಟ್ ಹೇಳಿ, ಬರ್ಕೋತೀನಿ" ಅಂದಳು. ನನಗೆ ಒಂದು ಪಾಯಿಂಟೂ ಹೊಳೆಯಲಿಲ್ಲ. ಹೊಳೆದದ್ದೆಲ್ಲ ಮಾನ ಹೋದ ಪ್ರಸಂಗಗಳೇ. ಕಾಫಿ, ಕೋಡುಬಳೆ ಕೊಟ್ಟು ಕಳಿಸಿಬಿಟ್ಟೆ. ಅವಳು ಹೋದ ಮೇಲೆ ಯೋಚಿಸಿದೆ: ಆ ಪ್ರಸಂಗಗಳನ್ನೇ ಬರೆದಿಟ್ಟರೆ ಅವಳಿಗೆ ಹತ್ತು ಪಾಯಿಂಟಿಗಿಂತ ಹೆಚ್ಚು ಉಪಯೋಗವಾದೀತು. ಅದಕ್ಕೇ ಇದು.

ನಾನು ಯಾವಾಗ ಕೆಲಸಕ್ಕೆ ಸೇರಿದೆ, ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎನ್ನುವುದನ್ನು ಬಿಡುತ್ತೇನೆ. ಶಾಲುಗಳು ಬೀರುವಿನಲ್ಲಿವೆ. ನೋಡಬೇಕೆನ್ನುವವರು ಬಂದು ನೋಡಬಹುದು.

ನಾನು ಇಂಗ್ಲಿಷ್ ಟೀಚರಾದದ್ದು ಮರ್ಯಾದೆ ಕಲಿಸುವುದಕ್ಕೆ ಎಂದು ಬಹಳ ವರ್ಷ ನಂಬಿದ್ದೆ. ಗ್ರಾಮರ್ ತಪ್ಪಾದರೂ ಪರವಾಗಿಲ್ಲ, ಮಕ್ಕಳ ಬಾಯಲ್ಲಿ ಪ್ಲೀಸ್, ಸಾರಿ, ಥ್ಯಾಂಕ್ಯೂ ಇರಬೇಕು ಅಂತ. ಕೆ. ಹೊಸಕೋಟೆ ಕಡೆಯ ಹೈಸ್ಕೂಲೊಂದರಲ್ಲಿದ್ದಾಗ ಎಂಟನೇ ಕ್ಲಾಸಿನ ಮಕ್ಕಳಿಗೆ ಇದನ್ನು ಕವಾಯತಿನ ಹಾಗೆ ಮಾಡಿಸುತ್ತಿದ್ದೆ. ನಾನು "ಥ್ಯಾಂಕ್ಯೂ" ಅಂದರೆ ಇಡೀ ಕ್ಲಾಸು "ಮೆನ್ಶನ್ ನಾಟ್" ಅನ್ನಬೇಕು. ನಾನು "ಸಾರಿ" ಅಂದರೆ "ಇಟ್ಸ್ ಆಲ್ ರೈಟ್" ಅನ್ನಬೇಕು. ಯಾರು ಹೇಳಿದರು, ಯಾಕೆ ಹೇಳಿದರು ಎಂದು ನೋಡಬಾರದು, ಕಿವಿಗೆ ಬಿದ್ದ ಕೂಡಲೇ ಬಾಯಿಗೆ ಬರಬೇಕು ಎಂದು ತಾಕೀತು ಮಾಡಿದ್ದೆ.

ಆ ಶಾಲೆಯಲ್ಲಿ ಹೆಡ್ ಮಾಸ್ಟರ ಕೋಣೆಗೂ ನನ್ನ ಕ್ಲಾಸಿಗೂ ನಡುವೆ ಎದೆಮಟ್ಟದ ಗೋಡೆ, ಅದರ ಮೇಲೆ ಬಿದಿರಿನ ತಟ್ಟಿ. ಒಂದು ದಿನ ಇನ್ಸ್‌ಪೆಕ್ಟರು ಬಂದರು. ಹೆಡ್ ಮಾಸ್ಟರು ಗಂಜಿ ಹಾಕಿದ ಬಿಳಿ ಪಂಚೆ ಉಟ್ಟು ಅವರ ಪಕ್ಕ ಕೂತಿದ್ದರು. ಜವಾನ ಟೀ ತಂದುಕೊಟ್ಟ. ಇನ್ಸ್‌ಪೆಕ್ಟರು ಒಳ್ಳೆಯ ಮನುಷ್ಯರು, ಜವಾನನಿಗೂ "ಥ್ಯಾಂಕ್ಯೂ" ಅಂದರು. ತಟ್ಟಿಯ ಈಚೆಯಿಂದ ನಲವತ್ತು ಮಕ್ಕಳು ಒಂದೇ ಗಂಟಲಲ್ಲಿ "ಮೆನ್ಶನ್ ನಾಟ್!" ಎಂದು ಕೂಗಿದವು. ಇನ್ಸ್‌ಪೆಕ್ಟರು ಬೆಚ್ಚಿಬಿದ್ದು ಟೀಯನ್ನು ಹೆಡ್ ಮಾಸ್ಟರ ಪಂಚೆಯ ಮೇಲೆ ಸುರಿದರು. "ಅಯ್ಯೋ, ಸಾರಿ, ಸಾರಿ" ಅಂದರು. "ಇಟ್ಸ್ ಆಲ್ ರೈಟ್! ಇಟ್ಸ್ ಆಲ್ ರೈಟ್!" ಎಂದು ನನ್ನ ಕ್ಲಾಸು ಎರಡು ಸಲ ಕ್ಷಮಿಸಿತು. ಎರಡು ಸಾರಿಗೆ ಎರಡು, ಲೆಕ್ಕ ಸರಿಯಾಗಿತ್ತು. ಬಿಸಿ ಟೀ ಬಿದ್ದ ಹೆಡ್ ಮಾಸ್ಟರು ತಟ್ಟಿಯ ಕಡೆ ತಿರುಗಿ "ಶಟಪ್!" ಎಂದು ಗುಡುಗಿದರು. ಅದಕ್ಕೆ ಏನು ಉತ್ತರವೆಂದು ನಾನು ಕಲಿಸಿರಲಿಲ್ಲವಾದ್ದರಿಂದ ಕ್ಲಾಸು ಸುಮ್ಮನಾಯಿತು. ಮುಂದಿನ ಬೆಂಚಿನ ಹುಡುಗಿ ಮಾತ್ರ ಕೈಯೆತ್ತಿ, "ಮಿಸ್, ಶಟಪ್‌ಗೆ ಏನನ್ಬೇಕು?" ಎಂದು ಕೇಳಿದಳು.

ಸಂಜೆ ಹೆಡ್ ಮಾಸ್ಟರು ನನ್ನನ್ನು ಕರೆದು, "ಸುಶೀಲಮ್ಮನೋರೇ, ನಿಮ್ ಮಕ್ಳಿಗೆ ಮರ್ಯಾದೆ ಜಾಸ್ತಿ ಆಯ್ತು ಕಣ್ರೀ. ಸ್ವಲ್ಪ ಇಳಿಸಿ" ಅಂದರು. ಆಗ ನನಗೆ ಸಿಟ್ಟು ಬಂತು. ಆ ಮಾತಿನಲ್ಲಿ ಎಷ್ಟು ತೂಕವಿತ್ತೆಂದು ತಿಳಿದದ್ದು ಆಮೇಲೆ, ಬಾಳ್ಳುಪೇಟೆಗೆ ಬಂದ ಮೇಲೆ.

ಬಾಳ್ಳುಪೇಟೆಯಲ್ಲಿ ನಾನು ಭಾನುವಾರದ ಸ್ಪೋಕನ್ ಇಂಗ್ಲಿಷ್ ಕ್ಲಾಸು ಶುರುಮಾಡಿದ್ದು ತೊಂಬತ್ತರ ದಶಕದ ನಡುವಿನಲ್ಲಿ. ಹೆದ್ದಾರಿ ಪಕ್ಕದ ಟಯರ್ ಅಂಗಡಿಯ ಮೇಲೆ ಒಂದು ಕೋಣೆ. ಘಾಟಿ ಇಳಿಯುವ ಲಾರಿಗಳು ಅಲ್ಲೇ ಗಾಳಿ ಹಿಡಿಸಿಕೊಂಡು ಹೋಗುತ್ತಿದ್ದವು. ಹಾರನ್ ಬಂದಾಗ ವಾಕ್ಯ ನಿಲ್ಲಿಸಬೇಕು, ಹೋದ ಮೇಲೆ ಮುಂದುವರಿಸಬೇಕು. ನನ್ನ ಹಳೆಯ ವಿದ್ಯಾರ್ಥಿಗಳು ಇವತ್ತಿಗೂ ಇಂಗ್ಲಿಷ್ ವಾಕ್ಯದ ಮಧ್ಯದಲ್ಲಿ ಒಂದು ಕ್ಷಣ ತಡೆಯುತ್ತಾರೆ. ಅದು ಲಾರಿಗೆ ಬಿಟ್ಟ ಜಾಗ.

ಬರುತ್ತಿದ್ದವರೆಲ್ಲ ದೊಡ್ಡವರು. ಅಂಗಡಿಯವರು, ನರ್ಸುಗಳು, ತೋಟದವರು. ಮಕ್ಕಳಿಗೆ ಕಲಿಸಿದ ನನಗೆ ಇವರು ಮೊದಲ ತಿಂಗಳಲ್ಲೇ ಸೋಲು ಕಾಣಿಸಿದರು. ಸಣ್ಣ ಕಾಫಿ ತೋಟವಿದ್ದ ಜಯಮ್ಮ ಎಂಬಾಕೆಗೆ ಕುಟುಂಬದ ಬಗ್ಗೆ ಒಂದು ವಾಕ್ಯ ಹೇಳಲು ಹೇಳಿದೆ. ಆಕೆ ಸೆರಗು ಸರಿಮಾಡಿಕೊಂಡು, "ಮೈ ಹಸ್ಬೆಂಡ್ ಆರ್ ಗುಡ್ ಮೆನ್. ದೇ ಆರ್ ಸ್ಲೀಪಿಂಗ್" ಅಂದಳು.

"ಎಷ್ಟು ಜನ ಗಂಡಂದಿರಮ್ಮಾ ನಿಮಗೆ?" ಅಂದೆ.

ಕ್ಲಾಸು ಗೊಳ್ಳೆಂದು ನಕ್ಕಿತು. ಜಯಮ್ಮನಿಗೆ ರೇಗಿತು. "ಒಬ್ರೇ ಕಣ್ರೀ ಮೇಡಂ! ನೀವು ಹೀ ಅನ್ನು ಅಂತೀರಿ. ಹೀ ಅಂದ್ರೆ ಅವ್ನು ಅಂದಂಗಾಯ್ತಲ್ಲ? ಕಟ್ಕೊಂಡ ಗಂಡನ್ನ ಅವ್ನು ಇವ್ನು ಅಂದ್ರೆ ನಮ್ಮತ್ತೆ ಒಳಿಕ್ಕೆ ಸೇರಿಸ್ತಾರಾ?"

ನಗುತ್ತಿದ್ದವರೆಲ್ಲ ನಿಲ್ಲಿಸಿ ಆಕೆಯ ಪಕ್ಷ ಸೇರಿದರು. ಅಪ್ಪನಿಗೆ ಹೀ, ಮೇಷ್ಟ್ರಿಗೆ ಹೀ, ನಾಯಿಮರಿಗೂ ಮುದ್ದಿಗೆ ಹೀ. ಇದೆಂಥ ಭಾಷೆ? ಇಂಗ್ಲಿಷಿನಲ್ಲಿ ಒಬ್ಬ ಮನುಷ್ಯನನ್ನು ಬಹುವಚನ ಮಾಡಿ ಗೌರವಿಸುವ ಪದ್ಧತಿ ಇಲ್ಲವೆಂದು ಅರ್ಧ ಗಂಟೆ ಹೇಳಿದೆ. ಕೊನೆಗೆ ಕ್ಲಾಸೇ ಒಂದು ತೀರ್ಮಾನಕ್ಕೆ ಬಂತು: ಇಲ್ಲಿ ಹೀ ಅನ್ನುವುದು, ಮೆಟ್ಟಿಲಿಳಿದ ಮೇಲೆ ದೇ ಅನ್ನುವುದು. ನಾನೂ ಒಪ್ಪಿಕೊಂಡೆ. ಒಪ್ಪಬಾರದಿತ್ತು.

ಆ ವರ್ಷ ಕಾಫಿ ಹಣ್ಣಾಗುವ ಹೊತ್ತಿಗೆ ರೈಟರ್ ಶಿವೇಗೌಡರು ಬಂದರು. ನಮ್ಮ ಕಡೆ ರೈಟರ್ ಅಂದರೆ ಕತೆ ಬರೆಯುವವರಲ್ಲ. ಬೆಳಿಗ್ಗೆ ಎಸ್ಟೇಟಿನ ಆಳುಗಳ ಹಾಜರಿ ತೆಗೆದುಕೊಂಡು, ಯಾರು ಯಾವ ಬ್ಲಾಕಿಗೆ ಹೋಗಬೇಕೆಂದು ಹಂಚಿ, ಸಂಜೆಗೆ ಕೆಲಸ ನೋಡುವವರು. ಶಿವೇಗೌಡರಿಗೆ ಐವತ್ತರ ಹತ್ತಿರ ವಯಸ್ಸು. ಇಪ್ಪತ್ತೆರಡು ವರ್ಷ ಒಂದೇ ತೋಟದಲ್ಲಿ ರೈಟರು. ಕಾಲಿಗೆ ಗಂಬೂಟು, ಕಂಕುಳಲ್ಲಿ ಕೊಡೆ. ಹಿಂದಿನ ಬೆಂಚಿನಲ್ಲಿ ಕೂತರು, ಮೊದಲ ದಿನ ಬಾಯಿ ಬಿಡಲಿಲ್ಲ. ಎಲ್ಲರೂ ಹೋದ ಮೇಲೆ ಹತ್ತಿರ ಬಂದರು.

"ಮೇಡಂ, ನಮ್ ಹಳೇ ಧಣಿಗಳು ತೋಟ ಮಾರ್‍ಬುಟ್ರು. ಯಾವ್ದೋ ಕಂಪ್ನಿ ತಗೊಂಡೈತೆ. ಹೊಸ ಮ್ಯಾನೇಜ್ರು ಉತ್ತರದೋರು, ಕನ್ನಡ ಒಂದಕ್ಷರ ಬರಕ್ಕಿಲ್ಲ. ದಿನಾ ಬೆಳಿಗ್ಗೆ ಇಂಗ್ಲೀಷಲ್ಲೇ ರಿಪೋಟ್ ಹೇಳ್ಬೇಕು ಅಂತವ್ರೆ. ಎರಡು ತಿಂಗ್ಳಿಗೆ ಡೈರೆಕ್ಟ್ರು ಬರ್ತಾರಂತೆ, ಯಾರ್‍ನ ಇಟ್ಕೊಳ್ಳೋದು ಯಾರ್‍ನ ಕಳ್ಸೋದು ಅಂತ ನೋಡಕ್ಕೆ."

"ಕಳಿಸಿದರೆ?"

"ಕಳಿಸಿದ್ರೆ ಕೋಟ್ರಸ್ಸೂ ಬಿಡ್ಬೇಕಲ್ಲ ಮೇಡಂ. ಈ ವಯಸ್ನಲ್ಲಿ ಇನ್ಯಾವ ತೋಟದೋರು ಕರೀತಾರೆ? ನಂಗೆ ಕಾಫಿ ಬುಟ್ರೆ ಇನ್ನೇನ್ ಗೊತ್ತೈತೆ?"

ಹೀಗೆ ಕೇಳುವಾಗ ಅವರು ನನ್ನ ಮುಖ ನೋಡಲಿಲ್ಲ, ಕೊಡೆಯ ತುದಿ ನೋಡುತ್ತಿದ್ದರು. ಎರಡು ತಿಂಗಳಲ್ಲಿ ಇವರ ಬಾಯಲ್ಲಿ ಇಂಗ್ಲಿಷ್ ಹರಿಸದಿದ್ದರೆ ನಾನು ಟೀಚರೇ ಅಲ್ಲ ಎಂದು ಮನಸ್ಸಿನಲ್ಲೇ ಶಪಥ ಮಾಡಿದೆ. ಆಮೇಲೆ ಆದ ಅನಾಹುತಗಳಿಗೆಲ್ಲ ಆ ಶಪಥವೇ ಕಾರಣ.

ಮ್ಯಾನೇಜರ ಹೆಸರು ಮಾಥುರ್. ಲೈನಿನವರ, ಅಂದರೆ ಸಾಲುಮನೆಗಳಲ್ಲಿದ್ದ ಆಳುಗಳ ಬಾಯಲ್ಲಿ ಅದು "ಮಾತು ಸಾಹೇಬ್ರು" ಆಗಿತ್ತು. ಒಂದು ಮಾತೂ ಅರ್ಥವಾಗದವರಿಗೆ ಮಾತು ಸಾಹೇಬ್ರು. ಮೂವತ್ತರ ಒಳಗಿನ ಹುಡುಗ. ಅಷ್ಟು ದೊಡ್ಡ ಬಂಗಲೆಯಲ್ಲಿ ಒಬ್ಬನೇ ಕೂತು ರೇಡಿಯೋದ ಜೊತೆ ಮಾತಾಡುತ್ತಿದ್ದನಂತೆ.

ಮೊದಲ ಪಾಠ, ಮೇಲಧಿಕಾರಿಯ ಕೋಣೆಯಿಂದ ಹೊರಡುವುದು. "ಸುಮ್ಮನೆ ಎದ್ದು ಬರಬಾರದು ಶಿವೇಗೌಡ್ರೇ. ಮೇ ಐ ಟೇಕ್ ಲೀವ್, ಸಾರ್? ಅನ್ನಬೇಕು" ಎಂದು ಕಲಿಸಿದೆ. ನನಗೆ ನನ್ನ ಮೇಷ್ಟ್ರು ಕಲಿಸಿದ್ದು ಹಾಗೆ. ಅವರಿಗೆ ಅವರ ಮೇಷ್ಟ್ರು ಕಲಿಸಿದ್ದಿರಬೇಕು. ಸೋಮವಾರ ಬೆಳಿಗ್ಗೆ ಶಿವೇಗೌಡರು ರಿಪೋರ್ಟು ಒಪ್ಪಿಸಿ, ನೆಟ್ಟಗೆ ನಿಂತು, "ಮೇ ಐ ಟೇಕ್ ಲೀವ್, ಸಾರ್?" ಅಂದರು.

ಮಾಥುರ್ ತಲೆಯೆತ್ತದೆ "ನೋ ಲೀವ್. ಪಿಕ್ಕಿಂಗ್ ಟೈಮ್" ಅಂದ.

ಹೋಗಲು ಅಪ್ಪಣೆ ಸಿಗಲಿಲ್ಲವಲ್ಲ, ಶಿವೇಗೌಡರು ನಿಂತೇ ಇದ್ದರು. ಸ್ವಲ್ಪ ಹೊತ್ತಿಗೆ ಮಾಥುರ್ ನೋಡಿದ. "ಎನಿಥಿಂಗ್ ಎಲ್ಸ್?"

"ನೋ ಸಾರ್. ಮೇ ಐ ಟೇಕ್ ಲೀವ್?"

"ಐ ಟೋಲ್ಡ್ ಯು, ನೋ ಲೀವ್!"

ಹೀಗೆ ಮಧ್ಯಾಹ್ನ ಮಾಥುರ್ ತಾನೇ ಊಟಕ್ಕೆ ಎದ್ದು ಹೋಗುವ ತನಕ ಅವರು ಗೋಡೆಗೆ ಆನಿಸಿಟ್ಟ ಏಣಿಯಂತೆ ನಿಂತಿದ್ದರು. ಅತ್ತ ಹಾಜರಿ ಕಟ್ಟೆಯಲ್ಲಿ ಕೆಲಸ ಹಂಚುವವರಿಲ್ಲದೆ ಆಳುಗಳೆಲ್ಲ ಎಲೆಅಡಿಕೆ ಹಾಕಿಕೊಂಡು ಹರಟುತ್ತಿದ್ದರು. ಆ ದಿನ ಒಂದು ಹಣ್ಣೂ ಕೊಯ್ಲಾಗಲಿಲ್ಲ. ಮುಂದಿನ ಭಾನುವಾರ ಶಿವೇಗೌಡರು ನನ್ನನ್ನು ಬೈಯಲಿಲ್ಲ. "ಸಾಹೇಬ್ರು ನನ್ನ ಬಾಳ ಇಷ್ಟಪಟ್ಟವ್ರೆ ಅನ್ಸುತ್ತೆ ಮೇಡಂ, ಬುಟ್ಟು ಕಳ್ಸಕ್ಕೇ ಒಪ್ಪಲಿಲ್ಲ" ಅಂದರು.

ನನ್ನ ಇಂಗ್ಲಿಷ್ ಹಳೆಯದಾಗಿದೆ ಎನ್ನುವುದು ಅವತ್ತು ತಲೆಗೆ ಹೋಯಿತು. ಪದ್ಧತಿ ಬದಲಾಯಿಸಬೇಕೆಂದು ಹಾಸನದಿಂದ ಒಂದು ಸ್ಪೋಕನ್ ಇಂಗ್ಲಿಷ್ ಕ್ಯಾಸೆಟ್ ತರಿಸಿದೆ. ಅದರಲ್ಲಿ ಒಬ್ಬ ಇಂಗ್ಲಿಷ್ ದೊರೆ "ಗುಡ್ ಮಾರ್ನಿಂಗ್, ಹೌ ಆರ್ ಯು" ಅನ್ನುತ್ತಾನೆ, ನಾವು ಹಾಗೇ ಹೇಳಬೇಕು. ನಾಲ್ಕು ಭಾನುವಾರ ಅದನ್ನೇ ಹಾಕಿದೆ. ಬಾಳ್ಳುಪೇಟೆಯಲ್ಲಿ ಭಾನುವಾರ ಕರೆಂಟು ಇರುತ್ತಿರಲಿಲ್ಲವಾದ್ದರಿಂದ ಟೇಪ್ ರೆಕಾರ್ಡರು ಶೆಲ್ಲಿನ ಮೇಲೆ ನಡೆಯುತ್ತಿತ್ತು. ಶೆಲ್ಲು ವೀಕಾಗುತ್ತ ಹೋದ ಹಾಗೆ ದೊರೆಯ ದನಿ ಇಳಿಯುತ್ತ, ಎಳೆಯುತ್ತ ಹೋಯಿತು. "ಗೂ...ಡ್ ಮಾ...ರ್ನಿಂ...ಗ್. ಹೌ...ಊ ಆ...ರ್ ಯೂ..." ವಾರವಾರಕ್ಕೆ ಸ್ವಲ್ಪಸ್ವಲ್ಪವೇ ಇಳಿದದ್ದರಿಂದ ನನಗೂ ಗೊತ್ತಾಗಲಿಲ್ಲ. ದೊರೆಗಳು ಮಾತಾಡುವುದೇ ಹೀಗೆ ಎಂದು ಇಡೀ ಕ್ಲಾಸು ಅದೇ ರಾಗದಲ್ಲಿ, ಕೆಳದನಿಯಲ್ಲಿ, ಕಣ್ಣು ಅರ್ಧ ಮುಚ್ಚಿ ಹೇಳತೊಡಗಿತು. ಕೆಳಗಿನ ಟಯರ್ ಅಂಗಡಿಯವರು ಮೇಲೆ ಯಾರೋ ಭಜನೆ ಮಾಡುತ್ತಿದ್ದಾರೆಂದು ತಿಳಿದಿದ್ದರಂತೆ. ಶಿವೇಗೌಡರು ಆ ದನಿಯಲ್ಲಿ ಗುಡ್ ಮಾರ್ನಿಂಗ್ ಹೇಳಿದಾಗ ಮಾಥುರ್ ಗಾಬರಿಯಾಗಿ ಕುರ್ಚಿ ಎಳೆದು ಕೂರಿಸಿ, ಜ್ವರದ ಮಾತ್ರೆ ಕೊಟ್ಟು, ನೀರೂ ಕೊಟ್ಟ. ಇವರು ಮರ್ಯಾದೆಗೆ ಅದನ್ನು ನುಂಗಿದರು. ಅಷ್ಟೇ ಅಲ್ಲ, ಮೂರು ದಿನ ದಿನಾ ನುಂಗಿದರು, ಬೆಳಗಿನ ರಿಪೋರ್ಟಿನ ಒಂದು ಭಾಗ ಅಂದುಕೊಂಡು.

ಹೊಸ ಶೆಲ್ಲು ಹಾಕಿದ ದಿನ ದೊರೆಯ ದನಿ ಚುರುಕಾಗಿ ಬಂದದ್ದು ಕೇಳಿ ಕ್ಲಾಸು ಒಕ್ಕೊರಲಿನಿಂದ "ಇದ್ಯಾರೋ ಬೇರೆಯೋನು" ಅಂದಿತು. ಕ್ಯಾಸೆಟ್ಟು ಆವತ್ತೇ ಮೂಲೆ ಸೇರಿತು.

ಆಮೇಲೆ ನಾನು ಹಿಡಿದದ್ದು ವಿನಂತಿಯ ಪಾಠ. ಅಧಿಕಾರಿಗೆ ಅಪ್ಪಣೆ ಕೊಡುವ ಕ್ರಿಯಾಪದ ಹೇಳಲೇಬಾರದು. "ಕಮ್, ಗೋ, ಸಿಟ್ ಅನ್ನೋದೆಲ್ಲ ನಾಯಿಗೆ, ಮಕ್ಕಳಿಗೆ. ಸಾಹೇಬರಿಗೆ ವುಡ್ ಯು ಮೈಂಡ್ ಸೇರಿಸಿ, ಕೊನೆಗೆ ಇಂಗ್ ಹಾಕಿ. ವುಡ್ ಯು ಮೈಂಡ್ ಸೈನಿಂಗ್, ಸಾರ್? ವುಡ್ ಯು ಮೈಂಡ್ ಕಮಿಂಗ್, ಸಾರ್?"

"ಅದಕ್ಕೆ ಅವ್ರು ಯೆಸ್ ಅಂತಾರಾ ಮೇಡಂ?"

"ಇಲ್ಲ, ನೋ ಅನ್ನಬೇಕು. ಮೈಂಡ್ ಅಂದರೆ ಬೇಜಾರು. ನಿಮಗೆ ಬೇಜಾರಾ ಅಂತ ಕೇಳ್ತಿದೀರಿ. ನೋ ಅಂದರೆ ಬೇಜಾರಿಲ್ಲ, ಮಾಡ್ತೀನಿ ಅಂತ."

ಶಿವೇಗೌಡರು ಪೆನ್ನು ಕೆಳಗಿಟ್ಟರು. "ನೋ ಅಂದ್ರೆ ಹೂಂ. ಯೆಸ್ ಅಂದ್ರೆ ಉಹೂಂ. ಇವ್ರು ಅಷ್ಟು ದೂರದಿಂದ ಬಂದು ನಮ್ಮನ್ನ ಹೆಂಗ್ ಆಳಿದ್ರು ಮಾರಾಯ್ರೇ?"

"ಅದು ಹಿಸ್ಟರಿ ಟೀಚರ್‌ಗೆ ಕೇಳಿ. ನೀವು ಬರ್ಕೊಳ್ಳಿ" ಅಂದೆ. ಬರೆದುಕೊಂಡರು. ದುಂಡಗಿನ ಅಕ್ಷರದಲ್ಲಿ: ನೋ ಅಂದರೆ ಒಪ್ಪಿದರು.

ಇನ್ನು ನನ್ನ ವೃತ್ತಿಜೀವನದ ಅತಿ ದೊಡ್ಡ ತಪ್ಪಿಗೆ ಬರುತ್ತೇನೆ. ಅದಕ್ಕೆ ಮುಂಚೆ ಒಂದು ವಿಷಯ ಹೇಳಬೇಕು. ಆ ತೋಟದ ಲೈನಿನಲ್ಲಿ ಕಾಡಾನೆಯನ್ನು ಆನೆ ಎಂದು ಯಾರೂ ಅನ್ನುತ್ತಿರಲಿಲ್ಲ. ಹೆಸರು ಹಿಡಿದು ಆಡಿಕೊಂಡರೆ ಕೇಳಿಸಿಕೊಂಡು ಬಂದೇಬಿಡುತ್ತದೆ ಎಂಬ ಭಯ. "ದೊಡ್ಡೋರು" ಅನ್ನುತ್ತಿದ್ದರು. ದೊಡ್ಡೋರು ಬಂದವ್ರೆ, ದೊಡ್ಡೋರು ಹೋದ್ರು. ಒಂದೇ ಆನೆಯಾದರೂ ಬಹುವಚನವೇ.

ಡೈರೆಕ್ಟರು ಬರಲು ಇನ್ನೂ ಎರಡು ವಾರವಿದ್ದಾಗ ಒಂದು ಬೆಳಿಗ್ಗೆ ಪಂಪ್‌ಹೌಸಿನ ಪಕ್ಕದ ಬಾಳೆಗೆ ಒಂಟಿ ಆನೆ ನುಗ್ಗಿತು. ಶಿವೇಗೌಡರು ಬಂಗಲೆಗೆ ಓಡಿ ಬಂದರು. ಏದುಸಿರಿನಲ್ಲೂ ನನ್ನ ಪಾಠ ಮರೆಯಲಿಲ್ಲ.

"ಗುಡ್ ಮಾರ್ನಿಂಗ್ ಸಾರ್. ಬಿಗ್ ಪೀಪಲ್ ಹ್ಯಾವ್ ಕಮ್, ಸಾರ್."

ಮಾಥುರ್ ಹಲ್ಲುಜ್ಜುತ್ತಿದ್ದವನು ಬ್ರಷ್ ಬೀಳಿಸಿದ. ಹೇಳದೆ ಕೇಳದೆ ಬಂದು ನಿಲ್ಲುವುದರಲ್ಲಿ ಅವರ ಡೈರೆಕ್ಟರು ಹೆಸರಾದವರಂತೆ. "ಟುಡೇ? ಹೌ ಮೆನಿ?"

"ಒನ್, ಸಾರ್. ವೆರಿ ಬಿಗ್."

ಡೈರೆಕ್ಟರು ದಪ್ಪಗಿದ್ದರು. ಮಾಥುರನಿಗೆ ಸಂಶಯ ಉಳಿಯಲಿಲ್ಲ. "ವೇರ್ ಆರ್ ದೇ?"

"ಪಂಪ್‌ಹೌಸ್, ಸಾರ್. ದೇ ಆರ್ ಈಟಿಂಗ್ ಬನಾನಾ."

"ಬೈ ಕಾರ್?"

"ನೋ ಸಾರ್. ವಾಕಿಂಗ್. ಫ್ರಮ್ ಫಾರೆಸ್ಟ್ ಸೈಡ್."

"ಮೈ ಗಾಡ್! ಡಿಡ್ ಯು ಗಿವ್ ಅ ಚೇರ್?"

ಶಿವೇಗೌಡರು ಈ ಪ್ರಶ್ನೆಯನ್ನು ಎರಡು ಸಲ ಯೋಚಿಸಿದರು. "ದೇ ವಿಲ್ ನಾಟ್ ಸಿಟ್, ಸಾರ್" ಅಂದರು.

ಮಾಥುರ್ ಕೋಟು ಹಾಕಿ, ಟೈ ಕಟ್ಟಿ, ಪಾಲಿಷ್ ಮಾಡಿದ ಬೂಟು ಮೆಟ್ಟಿ, ಕಂಕುಳಲ್ಲಿ ಫೈಲು ಇಟ್ಟುಕೊಂಡು ಹೊರಟ. ಹಿಂದೆ ಶಿವೇಗೌಡರು. "ಆನೆ ನೋಡಕ್ಕೆ ಟೈ ಕಟ್ಕೊಂಡು ಹೋಗೋ ಧೈರ್ಯ ಯಾರ್‍ಗೈತೆ ಮೇಡಂ? ನಂಗೆ ಅವತ್ತು ಸಾಹೇಬ್ರ ಮೇಲೆ ಭಕ್ತಿನೇ ಬಂದ್ಬುಡ್ತು" ಎಂದು ಆಮೇಲೆ ನನಗೆ ಹೇಳಿದರು.

ಪಂಪ್‌ಹೌಸಿನ ತಿರುವಿನಲ್ಲಿ ಮಾಥುರ್ ನಗುಮುಖ ಮಾಡಿಕೊಂಡು, ಕೈ ಮುಂದಕ್ಕೆ ಚಾಚಿ "ವೆಲ್‌ಕಮ್ ಸಾರ್" ಅನ್ನುತ್ತ ತಿರುಗಿದ. ಬಾಳೆಯ ನಡುವಿನಿಂದ ಆನೆಯೂ ತಿರುಗಿತು. ಮಾಥುರ್ ಚಾಚಿದ ಕೈ ಹಾಗೇ ಇತ್ತು. ಆನೆ ಕಿವಿ ಅಗಲಿಸಿ ಒಂದು ಹೆಜ್ಜೆ ಮುಂದಿಟ್ಟಿತು.

ಶಿವೇಗೌಡರಿಗೆ ರನ್ ಎಂಬ ಪದ ಗೊತ್ತಿತ್ತು. ಬಾಯಿಗೂ ಬಂದಿತ್ತು. ಆದರೆ ಸಾಹೇಬರಿಗೆ ಬರೀ ರನ್ ಅನ್ನುವುದು ಹೇಗೆ? ಅವರು ಕೊಡೆ ಕಂಕುಳಿಗೆ ಸೇರಿಸಿಕೊಂಡು, ಸ್ಪಷ್ಟವಾಗಿ, ಲಾರಿಗೆ ಬಿಡುವ ಜಾಗವನ್ನೂ ಬಿಟ್ಟು ಹೇಳಿದರು: "ಸಾರ್, ವುಡ್ ಯು ಮೈಂಡ್... ರನ್ನಿಂಗ್, ಪ್ಲೀಸ್?"

ಮಾಥುರ್ ಕಣ್ಣು ಕೀಳದೆ, "ನೋ... ನೋ... ನೋ..." ಎಂದು ತೊದಲಿದ.

ನೋ ಅಂದರೆ ಒಪ್ಪಿದರು. ಮೂರು ಸಲ ಒಪ್ಪಿದರು. ನೆಮ್ಮದಿಯಾಗಿ ಶಿವೇಗೌಡರು ಓಡಿದರು.

ಐವತ್ತು ಮಾರು ಓಡಿ ತಿರುಗಿ ನೋಡಿದರೆ ಸಾಹೇಬರು ಟೈ ಸಮೇತ ಅಲ್ಲೇ ನಿಂತಿದ್ದಾರೆ. ಆಗ ಶಿವೇಗೌಡರು ಕೊಡೆ ಬಿಸಾಕಿ, ಇಂಗ್ಲಿಷ್ ಬಿಸಾಕಿ, "ಅಯ್ಯೋ ಓಡ್ರೀ ಸಾರ್! ಓಡ್ರೀ ಮಾರಾಯ್ರೇ!" ಎಂದು ಕಿರುಚಿದರು. ಕನ್ನಡದ ಒಂದಕ್ಷರ ತಿಳಿಯದ ಮಾಥುರನಿಗೆ ಅದು ಪೂರ್ತಿ ಅರ್ಥವಾಯಿತು. ಓಡಿದ. ಚರಂಡಿ ಹಾರಲು ಹೋಗಿ ಲಂಟಾನ ಪೊದೆಯಲ್ಲಿ ಬಿದ್ದ. ಆನೆಗೆ ಇವರಿಬ್ಬರಲ್ಲೂ ಅಂಥ ಆಸಕ್ತಿಯಿರಲಿಲ್ಲ. ಬಾಳೆಗೆ ವಾಪಸು ಹೋಯಿತು.

ಮಾಥುರ್ ಮೈಯೆಲ್ಲ ಮುಳ್ಳು ಗೀರಿಸಿಕೊಂಡು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಡೈರೆಕ್ಟರಿಗೆ ಕಳಿಸುವ ಕಾಗದದಲ್ಲಿ ರೈಟರ್ ವಿಷಯ ಬರೆಯುತ್ತೇನೆ ಅಂದನಂತೆ. ಆ ಭಾನುವಾರ ಶಿವೇಗೌಡರು ಕ್ಲಾಸಿಗೆ ಬಂದು ಕೂರಲಿಲ್ಲ, ಬಾಗಿಲಲ್ಲೇ ನಿಂತರು. "ಮುಂದಿನ್ ವಾರದಿಂದ ಬರಲ್ಲ ಮೇಡಂ. ಇನ್ ಕಲ್ತೇನ್ ಮಾಡ್ಲಿ, ಮುಗೀತು." ಅವರು ಪಾಠ ಒಂದಿಷ್ಟೂ ತಪ್ಪಿರಲಿಲ್ಲ. ತಪ್ಪು ಪೂರ್ತಿ ನನ್ನದು. ನನಗೆ ಆ ರಾತ್ರಿ ಅನ್ನ ಸೇರಲಿಲ್ಲ.

ಮಾರನೆಯ ದಿನ ರಜೆ ಹಾಕಿ ಬಂಗಲೆಗೆ ನಾನೇ ಹೋದೆ, ಮಾಥುರನಿಗೆ ವಿಷಯ ವಿವರಿಸಿ ಕ್ಷಮೆ ಕೇಳೋಣ ಅಂತ. ಒಳ್ಳೆಯ ಸೀರೆ ಉಟ್ಟು, ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡು ಹೋಗಿದ್ದೆ. "ಐ ಶುಡ್ ಬಿ ಮೋಸ್ಟ್ ಗ್ರೇಟ್‌ಫುಲ್ ಇಫ್ ಯು ವುಡ್ ಬಿ ಸೋ ಗುಡ್ ಆ್ಯಸ್ ಟು..." ಎಂದು ಶುರುಮಾಡಿದೆ. ಮಾಥುರ್ "ಪಾರ್ಡನ್?" ಅಂದ. ಮತ್ತೆ ಹೇಳಿದೆ. ಅವನು ಮೂಗಿನಲ್ಲಿ, ರೈಲು ಹೋದ ಹಾಗೆ ಏನೋ ಹೇಳಿದ. ನಾನು "ಐ ಬೆಗ್ ಯುವರ್ ಪಾರ್ಡನ್?" ಅಂದೆ. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ಕಾಲು ಗಂಟೆ ಪಾರ್ಡನ್ ಮಾಡಿದೆವು. ಕೊನೆಗೆ ಅವನು ಬೆವರೊರೆಸಿಕೊಂಡು, ಕಿಟಕಿಯಿಂದ "ಶಿವೇಗೌಡಾ!" ಎಂದು ಕೂಗಿದ.

ಶಿವೇಗೌಡರು ಬಂದು ಇಬ್ಬರ ನಡುವೆ ನಿಂತರು. ನಾನು ನನ್ನ ಇಂಗ್ಲಿಷಿನಲ್ಲಿ ಉದ್ದಕ್ಕೆ ಹೇಳಿದೆ. ಅವರು ಮಾಥುರನ ಕಡೆ ತಿರುಗಿ, "ಸಾರ್, ಮೇಡಂ ಟೆಲ್ಲಿಂಗ್, ಮಿಸ್ಟೇಕ್ ಈಸ್ ಮೇಡಂ" ಅಂದರು. ಮಾಥುರನ ಮುಖ ಬೆಳಗಿತು. ಅವನು ರೈಲು ಬಿಟ್ಟ. ಅವರು ನನ್ನ ಕಡೆ ತಿರುಗಿ, "ಸಾರ್ ಟೆಲ್ಲಿಂಗ್, ನೋ ಪ್ರಾಬ್ಲಮ್, ಕಾಫಿ ಕುಡೀರಿ" ಅಂದರು. ಇಂಗ್ಲಿಷಿನಿಂದ ಇಂಗ್ಲಿಷಿಗೆ ಅನುವಾದ ನಡೆದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಎಷ್ಟೋ ವರ್ಷ ಓದಿದ ನಾನು ಆ ಕೋಣೆಯಲ್ಲಿ ಮೂಕಿ. ಅವಮಾನವಾಯಿತು ಅಂದರೆ ಸುಳ್ಳು, ಹೆಮ್ಮೆಯಾಯಿತು. ಮಾಥುರ್ ತನ್ನ ಕಾಗದ ಕಳಿಸಲಿಲ್ಲ. ಆದರೆ ತೀರ್ಮಾನ ಅವನ ಕೈಯಲ್ಲಿರಲಿಲ್ಲ. ಡೈರೆಕ್ಟರು ಬರುವುದಿತ್ತು.

ಬಂದರು. ಈ ಸಲ ನಿಜವಾಗಿ, ಕಾರಿನಲ್ಲಿ. ಆವತ್ತು ನಡೆದದ್ದನ್ನು ನನಗೆ ಶಿವೇಗೌಡರೂ ಹೇಳಿದ್ದಾರೆ, ಮಾಥುರನೂ ಹೇಳಿದ್ದಾನೆ. ಎರಡೂ ಒಂದೇ ಆಗಿದ್ದರಿಂದ ನಂಬಿದ್ದೇನೆ.

ಆಫೀಸಿನಲ್ಲಿ ಡೈರೆಕ್ಟರು ಫೈಲು ತೆರೆದು ಕೂತಿದ್ದರು. ಪಕ್ಕದಲ್ಲಿ ಮಾಥುರ್. ಎದುರಿಗೆ ಶಿವೇಗೌಡರು. ಹೆಸರು ಕೇಳಿದರು, ಹೇಳಿದರು. ಎಷ್ಟು ವರ್ಷ ಅಂದರು, "ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟ್ವೆಂಟಿ ಟೂ ಇಯರ್ಸ್, ಸಾರ್" ಅಂದರು. ಅದು ತಪ್ಪು, ಫಾರ್ ಆಗಬೇಕಿತ್ತು. ಆದರೆ ಡೈರೆಕ್ಟರೂ ಅದನ್ನು ಹಾಗೇ ಹೇಳುತ್ತಿದ್ದರೋ ಏನೋ, ತಲೆಯಾಡಿಸಿದರು. ಎಲ್ಲ ಚೆನ್ನಾಗಿ ನಡೆದಿತ್ತು. ಆಮೇಲೆ ಅವರು ನಕ್ಷೆಯ ಮೇಲೆ ಬೆರಳಿಟ್ಟು, ಹೊಳೆಯಂಚಿನ ಕೆಳಗಿನ ಬ್ಲಾಕಿನಲ್ಲಿ ಹಣ್ಣು ಕೊಯ್ದಿಲ್ಲ, ಯಾಕೆ ಅಂದರು. ಆನೆಗಳಿವೆ ಎಂದು ಮಾಥುರ್ ಹೇಳಿದ. ಆನೆ ಯಾವಾಗಲೂ ಇರುತ್ತೆ, ಹಣ್ಣು ಉದುರಿಹೋಗುತ್ತೆ, ನಾಳೆ ಬೆಳಿಗ್ಗೆ ನಲವತ್ತು ಹೆಂಗಸರನ್ನು ಅಲ್ಲಿಗೆ ಕಳಿಸಿ ಅಂದರು. ಮಾಥುರ್ "ಯೆಸ್ ಸಾರ್" ಅಂದ.

ಶಿವೇಗೌಡರು ಆ ಬೆಳಿಗ್ಗೆಯೇ ಆ ಬ್ಲಾಕಿನಲ್ಲಿ ಬಿಸಿ ಆರದ ಲದ್ದಿ ನೋಡಿ ಬಂದಿದ್ದರು. ದೊಡ್ಡ ಹೆಜ್ಜೆಯ ಪಕ್ಕದಲ್ಲಿ ಮರಿಯ ಹೆಜ್ಜೆಯಿತ್ತು. ಮರಿಯಿದ್ದ ತಾಯಿಯ ಹತ್ತಿರ ಕುಕ್ಕೆ ಹಿಡಿದ ಹೆಂಗಸರನ್ನು ಕಳಿಸುವುದು ಅಂದರೆ ಏನೆಂದು ಅವರಿಗೆ ಗೊತ್ತಿತ್ತು. ಆ ನಲವತ್ತು ಜನರ ಹೆಸರೂ ಅವರಿಗೆ ಬಾಯಿಪಾಠ, ಮನೆಯೂ ಗೊತ್ತು.

ಡೈರೆಕ್ಟರು ಅವರ ಕಡೆ ತಿರುಗಿ, "ಯು ವಿಲ್ ಅರೇಂಜ್ ಇಟ್?" ಅಂದರು.

"ನೋ" ಅಂದರು ಶಿವೇಗೌಡರು.

ಡೈರೆಕ್ಟರು ಕನ್ನಡಕ ಕೆಳಗಿಳಿಸಿದರು. "ಪಾರ್ಡನ್?"

ಪಾರ್ಡನ್ ಅಂದರೆ ಅದೇ ಮಾತನ್ನು ನಿಧಾನವಾಗಿ, ಸ್ಪಷ್ಟವಾಗಿ ಇನ್ನೊಮ್ಮೆ ಹೇಳಬೇಕು. "ನೋ" ಅಂದರು.

ಶಿವೇಗೌಡರಿಗೆ ತಮ್ಮ ಮನೆಯ ಸಾಮಾನು ಲಾರಿಗೆ ಏರಿಸುವುದು ಕಣ್ಣಿಗೆ ಕಟ್ಟಿತಂತೆ, ಮೊದಲು ಹಂಡೆ, ಆಮೇಲೆ ಮಂಚ. ಕಾಲು ನಡುಗುತ್ತಿತ್ತು, ಆದರೆ ಗಂಬೂಟಿನೊಳಗೆ ನಡುಗಿದ್ದರಿಂದ ಯಾರಿಗೂ ಕಾಣಲಿಲ್ಲ. ಕೊನೆಗೆ ಮಾಥುರ್ ಗಂಟಲು ಸರಿಮಾಡಿಕೊಂಡು, "ಸಾರ್, ಹೀ ನೋಸ್. ಐ ಡೋಂಟ್" ಅಂದ. ಡೈರೆಕ್ಟರು ಇಬ್ಬರನ್ನೂ ನೋಡಿದರು. ಫೈಲಿನಲ್ಲಿ ಏನೋ ಬರೆದರು. ಅರಣ್ಯದವರು ಬಂದು ನೋಡಿ ಹೇಳಿದ ಮೇಲೆ ಕೊಯ್ಯಿರಿ ಎಂದು ಹಾಳೆ ತಿರುಗಿಸಿದರು.

ತಿಂಗಳೊಳಗೆ ಕಾಗದ ಬಂತು. ಹಳಬರಲ್ಲಿ ಮೂವರನ್ನು ಕಳಿಸಿದರು. ರೈಟರನ್ನು ಇಟ್ಟುಕೊಂಡರು.

ಆ ಭಾನುವಾರ ಶಿವೇಗೌಡರು ಒಂದು ಗೊನೆ ಬಾಳೆಹಣ್ಣು ಹೊತ್ತು ಮೆಟ್ಟಿಲು ಹತ್ತಿ ಬಂದರು. ಖುಷಿಯಲ್ಲಿರಬೇಕಾದ ಮನುಷ್ಯನ ಮುಖ ಸಪ್ಪಗಿತ್ತು. ಏನಾಯಿತೆಂದು ಕೇಳಿದೆ.

"ಕೆಲ್ಸ ಉಳ್ಕೊತು ಮೇಡಂ. ಆದ್ರೆ ನಿಮ್ ಮಾನ ಕಳ್ದ್‌ಬುಟ್ಟೆ. ಅಷ್ಟ್ ದೊಡ್ಡ ಮನುಷ್ಯನ ಮುಂದೆ ಬರೀ ನೋ ಅಂದ್ಬುಟ್ಟೆ. ಸಾರ್ ಇಲ್ಲ, ಸಾರಿ ಇಲ್ಲ, ಪ್ಲೀಸ್ ಇಲ್ಲ. ಬಾಯಿಗೆ ಏನೂ ಬರ್‍ಲಿಲ್ಲ. ಎರಡೆರಡು ಸಲ ಅಂದೆ." ನೋಟ್‌ಬುಕ್ ತೆರೆದು, ಪೆನ್ನು ಹಿಡಿದು ನನ್ನ ಮುಖ ನೋಡಿದರು. "ಅದನ್ನ ಮರ್ಯಾದೆಯಾಗಿ ಹೆಂಗ್ ಅನ್ನೋದು ಅಂತ ಹೇಳ್ಕೊಡಿ ಮೇಡಂ. ಇನ್ನೊಂದ್ ಸಲ ಬೇಕಾಗ್ಬೋದು."

ನನಗೆ ಅದರ ನಾಲ್ಕು ರೂಪ ಗೊತ್ತಿದ್ದವು. ಐ ಆಮ್ ಅಫ್ರೈಡ್ ನಾಟ್ ಇತ್ತು. ಐ ಆಮ್ ಸಾರಿ ಬಟ್ ಇತ್ತು. ಇನ್ನೂ ಎರಡು, ಒಂದಕ್ಕಿಂತ ಒಂದು ನಯವಾದವು. ಕಣ್ಣು ತುಂಬಿ ಬಂದಿದ್ದರಿಂದ ಬೋರ್ಡಿನ ಕಡೆ ತಿರುಗಿ ಡಸ್ಟರ್ ಹುಡುಕುವ ಹಾಗೆ ಮಾಡಿದೆ.

"ಇಲ್ಲ ಶಿವೇಗೌಡ್ರೇ" ಅಂದೆ. "ಇಂಗ್ಲಿಷಿನಲ್ಲಿ ಆ ಮಾತಿಗೆ ಬೇರೆ ರೂಪವೇ ಇಲ್ಲ. ನೀವು 'ನೋ' ಅಂದದ್ದೇ ಸರಿ."

ಅವರು ಸಮಾಧಾನದಿಂದ ಅದನ್ನು ಬರೆದುಕೊಂಡರು. ನನ್ನ ಇಡೀ ನೌಕರಿಯಲ್ಲಿ ಗೊತ್ತಿದ್ದೂ ಗೊತ್ತಿದ್ದೂ ನಾನು ತಪ್ಪು ಪಾಠ ಹೇಳಿಕೊಟ್ಟದ್ದು ಅದೊಂದೇ.